ಜುಲೈ ಬಿಸಿಲು, ಹಾಯಿದೋಣಿ, ಹೊಸಬರು

ಅಮೆರಿಕದ ಪೂರ್ವ ಕರಾವಳಿಯ ಚೆಸಪೀಕ್ ಕೊಲ್ಲಿಗೆ ಜುಲೈನಲ್ಲಿ, ಹಾಯಿದೋಣಿಯನ್ನೇ ಹತ್ತದ ಗೆಳೆಯರನ್ನ ಕರ್ಕೊಂಡು ಹೋಗೋದು ಹೇಗೆ ಅಂತ ಕೇಳಿದ್ದೀರಿ. ಬೆಳಗ್ಗೆ ಬೇಗ ಹೊರಡಿ. ಮಧ್ಯಾಹ್ನ ಎಷ್ಟೋ ದಿನ ಗಾಳಿ ಬಿದ್ದುಹೋಗುತ್ತೆ, ಸಂಜೆ ಗುಡುಗು ಮಳೆ ಬೇರೆ. ಲಂಗರು ಹಾಕಿದ ಮೇಲೆ ಮುಂಭಾಗದ ಹ್ಯಾಚ್, ಅಂದ್ರೆ ಡೆಕ್ಕಿನ ಮುಚ್ಚಳ, ತೆಗೆದಿಡಿ; ದೋಣಿಯ ಮೂತಿ ತಾನಾಗೇ ಗಾಳಿಗೆ ತಿರುಗುತ್ತೆ, ಒಳಗೆಲ್ಲ ಗಾಳಿಯಾಡುತ್ತೆ. ಬೂಮ್ (ಹಾಯಿಯ ಕೆಳಅಂಚು ಹಿಡಿದಿರೋ ಅಡ್ಡಕಂಬ) ಮೇಲೆ ತಿಳಿಬಣ್ಣದ ಟಾರ್ಪಾಲು ಎಳೆದು ನೆರಳು ಮಾಡಿ. ಸೆಕೆ ಅಂತ ನೀರಿಗೆ ಹಾರೋಕೆ ಬಿಡಬೇಡಿ, ಬೇಸಿಗೇಲಿ ಅಲ್ಲಿ ಚುರುಗುಟ್ಟಿಸೋ ಜೆಲ್ಲಿಫಿಶ್ ಇರುತ್ತೆ.

ಕಲಿಸೋದಾದ್ರೆ, ಲೈಫ್ ಜಾಕೆಟ್ ಹಾಕಿಸಿ, ಬೂಮ್ ಬಂದಾಗ ತಲೆ ತಗ್ಗಿಸೋದು, ಹಗ್ಗ ಸುತ್ತಿ ಬಿಗಿಯೋ ವಿಂಚ್‌ನಿಂದ ಬೆರಳು ದೂರ ಇಡೋದು ಹೇಳಿಕೊಡಿ. ಆಮೇಲೆ ಟಿಲ್ಲರ್, ಅಂದ್ರೆ ಚುಕ್ಕಾಣಿಯ ಹಿಡಿ, ಅವರ ಕೈಗೇ ಕೊಡಿ. ಎಡಕ್ಕೆ ತಳ್ಳಿದ್ರೆ ದೋಣಿ ಬಲಕ್ಕೆ ತಿರುಗೋದು ಬಾಯಲ್ಲಿ ಹೇಳಿದ್ರೆ ತಲೆಗೆ ಹತ್ತಲ್ಲ, ಕೈಗೇ ಗೊತ್ತಾಗಬೇಕು. ಹಗ್ಗಗಳ ಹೆಸರೆಲ್ಲ ಮುಂದಿನ ಸಲ.