ಮಾತ್ರೆ ನಿಲ್ಲಿಸಿದ ಮೇಲೆ ಮರಳಿ ಬಂದ ಎದೆಯುರಿ

ಪ್ರಶ್ನೆ: ಮಾನ್ಯ ವೈದ್ಯರಿಗೆ ನಮಸ್ಕಾರಗಳು. ನಾನು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ, ವಯಸ್ಸು 54. ಆರು ವರ್ಷಗಳ ಹಿಂದೆ ತೋಟದಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾದಾಗ, ನೋವಿನ ಮಾತ್ರೆಯ ಜೊತೆಗೆ ಬೆಳಿಗ್ಗೆ ಖಾಲಿ ಹೊಟ್ಟೆಗೆಂದು 40 ಮಿಲಿಗ್ರಾಂ ಪ್ಯಾಂಟಾಪ್ರಜೋಲ್ ಬರೆದುಕೊಟ್ಟಿದ್ದರು. ಸೊಂಟ ನೋವು ಎರಡು ತಿಂಗಳಲ್ಲಿ ವಾಸಿಯಾಯಿತು, ಗ್ಯಾಸ್ಟ್ರಿಕ್ ಮಾತ್ರೆ ಮಾತ್ರ ಉಳಿದುಕೊಂಡಿತು. ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ತಂದು ನುಂಗುತ್ತಿದ್ದೆ. ಇಷ್ಟು ವರ್ಷ ತೆಗೆದುಕೊಳ್ಳುವುದು ಒಳ್ಳೆಯದಲ್ಲವೆಂದು ಮಗಳು ಹೇಳಿದ್ದರಿಂದ ಮೂರು ವಾರಗಳ ಹಿಂದೆ ಒಮ್ಮೆಲೇ ನಿಲ್ಲಿಸಿದೆ. ನಾಲ್ಕನೆಯ ದಿನದಿಂದ ಎದೆಯುರಿ ಶುರುವಾಗಿದೆ; ರಾತ್ರಿ ಮಲಗಿದರೆ ಗಂಟಲಿಗೆ ಹುಳಿನೀರು ಬರುತ್ತದೆ. ಮಾತ್ರೆ ಶುರುಮಾಡುವುದಕ್ಕೆ ಮೊದಲು ಅಪರೂಪಕ್ಕೊಮ್ಮೆ ಹುಳಿತೇಗು ಬರುತ್ತಿದ್ದುದನ್ನು ಬಿಟ್ಟರೆ ನನಗೆ ಇಂಥ ತೊಂದರೆ ಇರಲಿಲ್ಲ. ಈಗ ಕೊನೆ ಕೊಯ್ಲಿನ ಸಮಯ; ಊಟ ಒಂಬತ್ತೂವರೆಗೆ, ಹತ್ತಕ್ಕೆ ನಿದ್ದೆ. ಹೊಗೆಸೊಪ್ಪು ಹಾಕಿ ಕವಳ ಹಾಕುವ ಅಭ್ಯಾಸವಿದೆ. ಜೀವನಪೂರ್ತಿ ಈ ಮಾತ್ರೆ ನುಂಗಲೇಬೇಕೆ? ಅಪ್ಪೆಹುಳಿ, ಮುರುಗಲ ಸಾರು ಎಲ್ಲವನ್ನೂ ಬಿಡಬೇಕೆ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು, ಮಾತ್ರೆ ಶುರುಮಾಡುವ ಮೊದಲು ನಿಮಗೆ ಹೇಳಿಕೊಳ್ಳುವಂಥ ಎದೆಯುರಿ ಇರಲಿಲ್ಲ ಎಂಬ ಮಾತು. ನೋವಿನ ಮಾತ್ರೆಗಳು ಜಠರದ ಒಳಪದರವನ್ನು ಕೆಡಿಸಿ ಹುಣ್ಣು ಮಾಡಬಲ್ಲವು. ಅದನ್ನು ತಡೆಯುವುದಕ್ಕಾಗಿ ಆಗ ನಿಮಗೆ ಪ್ಯಾಂಟಾಪ್ರಜೋಲ್ ಕೊಟ್ಟಿದ್ದರು. ನೋವಿನ ಮಾತ್ರೆ ನಿಂತ ದಿನ ಅದರ ಕೆಲಸವೂ ಮುಗಿದಿತ್ತು. ಆದ್ದರಿಂದ ಈಗಿನ ಉರಿಯನ್ನು ನೋಡಿ 'ನನ್ನ ಹೊಟ್ಟೆಗೆ ಈ ಮಾತ್ರೆ ಇಲ್ಲದೆ ಆಗುವುದಿಲ್ಲ' ಎಂಬ ತೀರ್ಮಾನಕ್ಕೆ ದಯವಿಟ್ಟು ಬರಬೇಡಿ. ಇದರಲ್ಲಿ ಬಹುಪಾಲು, ಮಾತ್ರೆ ನಿಲ್ಲಿಸಿದ್ದರಿಂದಲೇ ಹುಟ್ಟಿ ಕೆಲವು ವಾರ ಇದ್ದು ಹೋಗುವ ಉರಿಯಾಗಿರುವ ಸಾಧ್ಯತೆ ಹೆಚ್ಚು.

ಹೀಗಾಗುವುದಕ್ಕೆ ಕಾರಣವಿದೆ. ಜಠರದ ಗೋಡೆಯ ಕೆಲವು ಜೀವಕೋಶಗಳಲ್ಲಿ ಆಮ್ಲವನ್ನು ಒಳಗಿನಿಂದ ಹೊರಕ್ಕೆ ತಳ್ಳುವ ಸೂಕ್ಷ್ಮ ಪಂಪುಗಳಿವೆ. 1980ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಒಮೆಪ್ರಜೋಲ್ ಮತ್ತು ಅದರ ನಂತರ ಬಂದ ಪ್ಯಾಂಟಾಪ್ರಜೋಲ್, ರಾಬೆಪ್ರಜೋಲ್, ಇಸೋಮೆಪ್ರಜೋಲ್ ಇವೆಲ್ಲವೂ ಈ ಪಂಪಿಗೇ ಅಂಟಿಕೊಂಡು ಅದನ್ನು ನಿಲ್ಲಿಸುತ್ತವೆ. ಆಮ್ಲ ಕಡಿಮೆಯಾದುದನ್ನು ದೇಹ ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ. ಆಮ್ಲವನ್ನು ಹೆಚ್ಚಿಸು ಎಂದು ಹೇಳುವ ಗ್ಯಾಸ್ಟ್ರಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಹೆಚ್ಚು ಹೆಚ್ಚು ಬಿಡುತ್ತದೆ, ಅದರ ಒತ್ತಾಯಕ್ಕೆ ಹಿಸ್ಟಮಿನ್ ಸುರಿಸಿ ಆಮ್ಲ ಉತ್ಪಾದನೆಯನ್ನು ಪ್ರಚೋದಿಸುವ ಜೀವಕೋಶಗಳು ದಪ್ಪವಾಗಿ, ಸಂಖ್ಯೆಯಲ್ಲೂ ಬೆಳೆಯುತ್ತವೆ. ಮಾತ್ರೆ ಇರುವವರೆಗೆ ಇದೊಂದೂ ನಮ್ಮ ಅರಿವಿಗೆ ಬರುವುದಿಲ್ಲ. ನಿಲ್ಲಿಸಿದ ಮೂರು ನಾಲ್ಕು ದಿನಗಳಲ್ಲಿ ಹೊಸ ಪಂಪುಗಳು ಕೆಲಸಕ್ಕೆ ಇಳಿಯುತ್ತವೆ, ಬೆಳೆದ ಜೀವಕೋಶಗಳು ಮಾತ್ರ ಹಾಗೆಯೇ ಇರುತ್ತವೆ. ಪರಿಣಾಮವಾಗಿ ಮೊದಲಿಗಿಂತಲೂ ಹೆಚ್ಚು ಆಮ್ಲ ಬರುತ್ತದೆ. ನಿಮಗೆ ಉರಿ ಶುರುವಾದದ್ದು ನಾಲ್ಕನೆಯ ದಿನ ಎಂಬುದು ಈ ಲೆಕ್ಕಕ್ಕೆ ಸರಿಹೊಂದುತ್ತದೆ.

ಡೆನ್ಮಾರ್ಕಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಇಲ್ಲಿ ಹೇಳಲೇಬೇಕು. ಎದೆಯುರಿಯೇ ಇಲ್ಲದ 120 ಆರೋಗ್ಯವಂತರನ್ನು ಆರಿಸಿ, ಅರ್ಧದಷ್ಟು ಜನರಿಗೆ ಎಂಟು ವಾರ ಇಸೋಮೆಪ್ರಜೋಲ್ ಕೊಟ್ಟು ಅವರಿಗೆ ಗೊತ್ತಾಗದಂತೆ ನಿಲ್ಲಿಸಿದರು. ಉಳಿದವರಿಗೆ ಮೊದಲಿನಿಂದಲೂ ಔಷಧವಿಲ್ಲದ ಹುಸಿ ಮಾತ್ರೆಯನ್ನೇ ಕೊಟ್ಟಿದ್ದರು. ಅನಂತರದ ನಾಲ್ಕು ವಾರಗಳಲ್ಲಿ, ನಿಜವಾದ ಮಾತ್ರೆ ತೆಗೆದುಕೊಂಡು ಬಿಟ್ಟವರಲ್ಲಿ ಶೇ 44ರಷ್ಟು ಮಂದಿಗೆ ಎದೆಯುರಿ, ಹುಳಿತೇಗು ಮೊದಲಾದ ತೊಂದರೆ ಕಾಣಿಸಿಕೊಂಡಿತು; ಹುಸಿ ಮಾತ್ರೆಯವರಲ್ಲಿ ಶೇ 15 ಮಂದಿಗೆ. ರೋಗವೇ ಇಲ್ಲದವರಿಗೆ ಎರಡೇ ತಿಂಗಳಲ್ಲಿ ಹೀಗಾದರೆ, ಆರು ವರ್ಷ ನುಂಗಿದವರಿಗೆ ಮೂರನೆಯ ವಾರದಲ್ಲಿ ಉರಿಯುವುದರಲ್ಲಿ ಆಶ್ಚರ್ಯವಿಲ್ಲ. ಬಹಳ ಜನ ಈ ಹಂತದಲ್ಲಿಯೇ ಹೆದರಿ ಮತ್ತೆ ಮಾತ್ರೆಗೆ ಮರಳುತ್ತಾರೆ, ಮರುದಿನವೇ ಆರಾಮವಾಗುತ್ತದೆ, ಅಲ್ಲಿಗೆ ಮಾತ್ರೆ ಕಾಯಂ ಆಗುತ್ತದೆ. ಇದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿರುವುದರಿಂದಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಆದರೆ ಬೇರೆ ಯಾವ ಮಾತಿಗೂ ಮೊದಲು ಒಂದು ಎಚ್ಚರಿಕೆ. ನಿಮ್ಮ ವಯಸ್ಸು 54, ಹೊಗೆಸೊಪ್ಪಿನ ಅಭ್ಯಾಸವಿದೆ. ಗುಡ್ಡ ಹತ್ತುವಾಗ, ಅಡಿಕೆ ಮೂಟೆ ಹೊರುವಾಗ ಎದೆ ಉರಿದು ಅಥವಾ ಬಿಗಿದು, ನಿಂತು ಸುಧಾರಿಸಿಕೊಂಡರೆ ಕಡಿಮೆಯಾಗುತ್ತಿದ್ದರೆ ಅದು ಹೊಟ್ಟೆಯದಲ್ಲ, ಹೃದಯದ್ದೆಂದು ತಿಳಿದು ಕೂಡಲೇ ಇಸಿಜಿ ಮಾಡಿಸಿಕೊಳ್ಳಬೇಕು. ಬೆವರು, ಉಸಿರುಗಟ್ಟುವುದು, ಎಡಗೈಗೆ ಅಥವಾ ದವಡೆಗೆ ಹರಿಯುವ ನೋವು ಇದ್ದರಂತೂ ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿದು ಬೆಳಗಾಗುವವರೆಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ. ನಮ್ಮ ಕಡೆಯ ಒಂಟಿ ಮನೆಗಳಿಂದ ಆಸ್ಪತ್ರೆಗೆ ತಲುಪುವುದಕ್ಕೇ ಎಷ್ಟು ಹೊತ್ತು ಬೇಕೆಂಬುದು ನಿಮಗೂ ಗೊತ್ತು. ಹಾಗೆಯೇ ನುಂಗುವಾಗ ಅನ್ನ ಎದೆಯಲ್ಲಿ ಸಿಕ್ಕಿಕೊಂಡಂತಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ವಾಂತಿಯಲ್ಲಿ ರಕ್ತ, ಡಾಂಬರಿನಂತೆ ಕಪ್ಪಾದ ಮಲ, ರಕ್ತಹೀನತೆ ಇವುಗಳಲ್ಲಿ ಯಾವುದಾದರೂ ಇದ್ದರೆ ನನ್ನ ಮುಂದಿನ ಸಲಹೆಗಳನ್ನು ಪಕ್ಕಕ್ಕಿಟ್ಟು ಮೊದಲು ಎಂಡೋಸ್ಕೋಪಿ ಮಾಡಿಸಿ.

ಇವು ಯಾವುವೂ ಇಲ್ಲವಾದರೆ ನಿಮ್ಮ ಮುಂದೆ ಎರಡು ದಾರಿಗಳಿವೆ. ತಡೆದುಕೊಳ್ಳುವಷ್ಟು ಉರಿಯಾಗಿದ್ದರೆ ಮಾತ್ರೆಯಿಲ್ಲದೆಯೇ ಮುಂದುವರಿಯಬಹುದು. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ, ಕೆಲವರಲ್ಲಿ ಎರಡು ತಿಂಗಳಿನಷ್ಟು ಹೊತ್ತಿಗೆ ಇದು ಇಳಿಯುತ್ತದೆ. ನಿದ್ದೆಯೇ ಬಾರದಷ್ಟಿದ್ದರೆ, ನಿಮ್ಮ ವೈದ್ಯರನ್ನು ಕಂಡು 20 ಮಿಲಿಗ್ರಾಮಿಗೆ ಮರಳಿ, ಎರಡರಿಂದ ನಾಲ್ಕು ವಾರಗಳ ನಂತರ ದಿನ ಬಿಟ್ಟು ದಿನ ಮಾಡಿ, ಆಮೇಲೆ ನಿಲ್ಲಿಸಬಹುದು. ಒಮ್ಮೆಲೇ ಬಿಡುವುದೂ ಹಂತಹಂತವಾಗಿ ಬಿಡುವುದೂ ಒಪ್ಪಿತವಾದ ಕ್ರಮಗಳೇ. ಕೊಯ್ಲಿನ ಕೆಲಸದ ನಡುವೆ ನಿದ್ದೆಗೆಡಬೇಕಾದವರಿಗೆ ಎರಡನೆಯದೇ ಮೇಲು ಎಂಬುದು ನನ್ನ ಅಭಿಪ್ರಾಯ. ಮರಳುವುದಾದರೆ ಊಟ ತಿಂಡಿಗಿಂತ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಿ. ತಿಂದ ಮೇಲೆ ನುಂಗಿದರೆ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ.

ಮರಳುವ ಮೊದಲು ಇನ್ನೊಂದು ವಿಷಯವನ್ನು ವೈದ್ಯರೊಡನೆ ಮಾತನಾಡಿ. ಜಠರದಲ್ಲಿ ನೆಲೆಸಿ ಹುಣ್ಣು ಮಾಡುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ಉಸಿರಿನ ಅಥವಾ ಮಲದ ಪರೀಕ್ಷೆಯಿಂದ ಪತ್ತೆ ಹಚ್ಚಬಹುದು, ಆದರೆ ಈ ಗುಂಪಿನ ಮಾತ್ರೆಗಳನ್ನು ಕನಿಷ್ಠ ಎರಡು ವಾರ ನಿಲ್ಲಿಸಿರದಿದ್ದರೆ ಫಲಿತಾಂಶ ತಪ್ಪಾಗಿ ಬರಬಹುದು. ಮೂರು ವಾರ ಮಾತ್ರೆ ಬಿಟ್ಟಿರುವ ನಿಮಗೆ, ಪರೀಕ್ಷೆ ಬೇಕೆಂದು ವೈದ್ಯರು ಹೇಳಿದರೆ, ಇದೇ ಸರಿಯಾದ ಸಮಯ.

ಈ ವಾರಗಳನ್ನು ದಾಟುವುದಕ್ಕೆ ತಾತ್ಕಾಲಿಕ ಆಸರೆ ಪಡೆಯುವುದರಲ್ಲಿ ತಪ್ಪಿಲ್ಲ. ಸಮುದ್ರದ ಪಾಚಿಯಿಂದ ತಯಾರಿಸುವ ಆಲ್ಜಿನೇಟ್ ಇರುವ ದ್ರವೌಷಧವನ್ನು ಊಟದ ನಂತರವೂ ಮಲಗುವ ಮೊದಲೂ ಕುಡಿದರೆ, ಅದು ಜಠರದಲ್ಲಿರುವ ಆಹಾರದ ಮೇಲೆ ಕೆನೆಯಂತೆ ತೇಲಿ ಆಮ್ಲ ಮೇಲೇರದಂತೆ ತಡೆಯುತ್ತದೆ. ಇದು ನನ್ನ ಮೊದಲ ಆಯ್ಕೆ. ಸಾಮಾನ್ಯ ಆಂಟಾಸಿಡ್ ಕೂಡಲೇ ಆರಾಮ ಕೊಡುತ್ತದೆ, ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕಿಡ್ನಿ ತೊಂದರೆ ಇರುವವರು ಕೇಳದೆ ತೆಗೆದುಕೊಳ್ಳಬಾರದು. ರಾತ್ರಿಯ ಉರಿಗೆ ಫ್ಯಾಮೊಟಿಡಿನ್ ಸಹಾಯ ಮಾಡುತ್ತದೆ, ಆದರೆ ದಿನವೂ ತೆಗೆದುಕೊಂಡರೆ ಒಂದೆರಡು ವಾರಗಳಲ್ಲಿ ಅದರ ಶಕ್ತಿ ಕುಗ್ಗುವುದರಿಂದ ಬೇಕಾದ ರಾತ್ರಿಗಳಿಗೆ ಮಾತ್ರ ಇಟ್ಟುಕೊಳ್ಳಿ. ಹಿಂದೆ ಎಲ್ಲರ ಮನೆಯಲ್ಲೂ ಇರುತ್ತಿದ್ದ ರಾನಿಟಿಡಿನ್ ಬೇಡ. ಅದನ್ನು 2020ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹಿಂತೆಗೆಸಲಾಯಿತು, 2022ರಲ್ಲಿ ನಮ್ಮ ದೇಶದ ಅತ್ಯವಶ್ಯಕ ಔಷಧಗಳ ರಾಷ್ಟ್ರೀಯ ಪಟ್ಟಿಯಿಂದಲೂ ಕೈಬಿಡಲಾಯಿತು. ಅಡುಗೆ ಸೋಡಾ ಮತ್ತು ಗುಳ್ಳೆ ಏಳುವ ಪುಡಿಗಳಲ್ಲಿ ಸೋಡಿಯಂ ಬಹಳವಿರುತ್ತದೆ, ರಕ್ತದೊತ್ತಡ ಇರುವವರಿಗೆ ಅವು ಹೇಳಿಸಿದ್ದಲ್ಲ.

ಔಷಧಕ್ಕಿಂತ ಹೆಚ್ಚು ಫಲ ಕೊಡುವುದು ನಿಮ್ಮ ರಾತ್ರಿಯ ಕ್ರಮವನ್ನು ಬದಲಿಸುವುದು. ಒಂಬತ್ತೂವರೆಗೆ ಉಂಡು ಹತ್ತಕ್ಕೆ ಮಲಗಿದರೆ ತುಂಬಿದ ಜಠರವೂ ಅನ್ನನಾಳವೂ ಒಂದೇ ಮಟ್ಟದಲ್ಲಿರುತ್ತವೆ, ಹುಳಿನೀರು ಹಿಂದಕ್ಕೆ ಹರಿಯುವುದಕ್ಕೆ ತಡೆಯೇ ಇರುವುದಿಲ್ಲ. ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರವಿರಲಿ. ಅಡಿಕೆ ಸುಲಿಯುವ ದಿನಗಳಲ್ಲಿ ಕೆಲಸ ಮುಗಿಯುವುದೇ ತಡವಾಗುತ್ತದೆ ಎಂಬುದು ನನಗೆ ತಿಳಿದಿದೆ. ಹಾಗಿದ್ದರೆ ಏಳು ಗಂಟೆಗೆ ಕೆಲಸದ ನಡುವೆಯೇ ಎದ್ದು ಊಟ ಮುಗಿಸಿ ಮತ್ತೆ ಸುಲಿಯಲು ಕೂರಿ, ಕೊನೆಯಲ್ಲಿ ಊಟ ಬೇಡ. ಮಂಚದ ತಲೆಯ ಕಡೆಯ ಎರಡು ಕಾಲುಗಳ ಕೆಳಗೆ ಮರದ ದಿಮ್ಮಿ ಇಟ್ಟು ಆರರಿಂದ ಎಂಟು ಅಂಗುಲ ಎತ್ತರಿಸಿ. ದಿಂಬಿನ ಮೇಲೆ ದಿಂಬು ಹಾಕಿಕೊಂಡರೆ ಕುತ್ತಿಗೆ ಮಾತ್ರ ಎತ್ತರವಾಗಿ ಹೊಟ್ಟೆ ಮಡಚಿಕೊಳ್ಳುತ್ತದೆ, ಅದರಿಂದ ಉರಿ ಹೆಚ್ಚುತ್ತದೆ. ಎಡಮಗ್ಗುಲಿಗೆ ಮಲಗುವುದನ್ನು ರೂಢಿ ಮಾಡಿಕೊಳ್ಳಿ. ಆಗ ಜಠರದ ದೊಡ್ಡ ಭಾಗ ಅನ್ನನಾಳಕ್ಕಿಂತ ಕೆಳಗಿರುತ್ತದೆ. ಊಟವಾದ ಕೂಡಲೇ ಬಗ್ಗಿ ಅಡಿಕೆ ಹೆಕ್ಕುವ ಕೆಲಸ ಬೇಡ, ಪಂಚೆಯನ್ನಾಗಲಿ ಬೆಲ್ಟನ್ನಾಗಲಿ ಬಿಗಿಯಾಗಿ ಕಟ್ಟುವುದೂ ಬೇಡ. ಹೊಟ್ಟೆಯ ಬೊಜ್ಜಿದ್ದರೆ ನಾಲ್ಕೈದು ಕಿಲೋ ಇಳಿಸಿದರೂ ವ್ಯತ್ಯಾಸ ಕಾಣುತ್ತದೆ.

ಹೊಗೆಸೊಪ್ಪನ್ನು ಬಿಡಲೇಬೇಕು. ಅದರಲ್ಲಿರುವ ನಿಕೋಟಿನ್, ಆಮ್ಲ ಮೇಲೇರದಂತೆ ತಡೆಯುವ ಅನ್ನನಾಳದ ಕೆಳತುದಿಯ ಸ್ನಾಯುವನ್ನು ಸಡಿಲಿಸುತ್ತದೆ. ಹೊಗೆಸೊಪ್ಪಿಲ್ಲದ ಕವಳವಾದರೂ ಆಗಬಹುದೇ ಎಂದು ನೀವು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿಯೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆಯಿಂದಲೇ ಬದುಕು ಕಟ್ಟಿಕೊಂಡವರಿಗೆ ಈ ಮಾತು ಹೇಳುವುದು ನನಗೂ ಸುಲಭವಲ್ಲ, ಆದರೆ ವೈದ್ಯನಾಗಿ ಹೇಳದೆ ಇರಲಾರೆ.

ಇನ್ನು ಅಪ್ಪೆಹುಳಿ ಮತ್ತು ಮುರುಗಲ ಸಾರಿನ ವಿಚಾರ. ಹುಳಿ ಪದಾರ್ಥಗಳು ಕೆರಳಿರುವ ಅನ್ನನಾಳಕ್ಕೆ ತಾಗಿ ಉರಿಸುತ್ತವೆ. ಆದ್ದರಿಂದ ಈ ಕೆಲವು ವಾರ ರಾತ್ರಿಯೂಟದಲ್ಲಿ ಅವು ಬೇಡ, ಸೂಜಿಮೆಣಸಿನ ಚಟ್ನಿಯೂ ಎಣ್ಣೆಯಲ್ಲಿ ಕರಿದದ್ದೂ ಬೇಡ. ಎಲ್ಲವನ್ನೂ ಜೀವನಪೂರ್ತಿ ಬಿಡಬೇಕೆಂದು ನಾನು ಹೇಳುವುದಿಲ್ಲ. ಒಬ್ಬರಿಗೆ ಕಾಫಿ ಆಗದು, ಇನ್ನೊಬ್ಬರಿಗೆ ಆಗುತ್ತದೆ. ಎರಡು ವಾರ ತಿಂದದ್ದನ್ನೂ ಉರಿ ಬಂದ ಹೊತ್ತನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟರೆ ನಿಮ್ಮ ಹೊಟ್ಟೆಗೆ ಆಗದ್ದು ಯಾವುದೆಂದು ನಿಮಗೇ ತಿಳಿಯುತ್ತದೆ. ಒಂದೆಲಗದ ತಂಬುಳಿ, ಹೆಚ್ಚು ಹುಳಿಯಾಗದ ಮಜ್ಜಿಗೆ, ಕಾಳುಮೆಣಸು ಹಾಕದ ಜೀರಿಗೆ ಕಷಾಯ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ತಣ್ಣನೆಯ ಹಾಲು ಕುಡಿದರೆ ಆ ಕ್ಷಣಕ್ಕೆ ಹಿತವೆನಿಸುತ್ತದೆ, ಸ್ವಲ್ಪ ಹೊತ್ತಿನಲ್ಲಿ ಅದೇ ಹಾಲು ಆಮ್ಲವನ್ನು ಹೆಚ್ಚಿಸುತ್ತದೆ. ಮಧ್ಯರಾತ್ರಿ ಎದ್ದು ಹಾಲು ಕುಡಿಯುವ ಅಭ್ಯಾಸ ಮಾಡಿಕೊಳ್ಳಬೇಡಿ.

ಎರಡು ತಿಂಗಳು ಕಳೆದ ಮೇಲೂ ವಾರದಲ್ಲಿ ಎರಡು ಮೂರು ದಿನ ಉರಿ ಇದ್ದರೆ ಆಗ ಅದು ಮಾತ್ರೆ ಬಿಟ್ಟದ್ದರ ಫಲವೆಂದು ಹೇಳಲಾಗದು. ಎಂಡೋಸ್ಕೋಪಿ ಮಾಡಿಸಿ ನೋಡಬೇಕು, ಮಾತ್ರೆ ಬೇಕೆಂದು ತೀರ್ಮಾನವಾದರೆ ಅದನ್ನು ಸೋಲೆಂದು ಭಾವಿಸಬೇಡಿ.

ಪ್ರಶ್ನೆ: ನಮ್ಮ ಅತ್ತೆಯವರಿಗೆ 71 ವರ್ಷ, ನಾವಿರುವುದು ಸಾಗರದಲ್ಲಿ. ಕಳೆದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಜೊತೆಗೆ ಪ್ಯಾಂಟಾಪ್ರಜೋಲ್ ಇದೆ. ಗ್ಯಾಸ್ಟ್ರಿಕ್ ಮಾತ್ರೆಯಿಂದ ಕಿಡ್ನಿ ಹಾಳಾಗುತ್ತದೆಂಬ ವಾಟ್ಸ್‌ಆ್ಯಪ್ ಸಂದೇಶ ನೋಡಿ ಅದನ್ನು ಬಿಡುತ್ತೇನೆಂದು ಹಟ ಹಿಡಿದಿದ್ದಾರೆ. ಬಿಡಬಹುದೆ?

ಉತ್ತರ: ಬಿಡಬಾರದು. ಮೇಲಿನ ಉತ್ತರ ನಿಮ್ಮ ಅತ್ತೆಯವರಿಗೆ ಅನ್ವಯಿಸುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಮಾತ್ರೆಗಳನ್ನು ಒಟ್ಟಿಗೆ ತೆಗೆದುಕೊಳ್ಳುವ ಈ ವಯಸ್ಸಿನವರಿಗೆ ಜಠರದಲ್ಲಿ ರಕ್ತಸ್ರಾವವಾಗುವ ಅಪಾಯ ದೊಡ್ಡದು, ಅದಕ್ಕೆ ಪ್ಯಾಂಟಾಪ್ರಜೋಲ್ ಕಾವಲಾಗಿದೆ. ಎದೆಯುರಿ ಇಲ್ಲದಿದ್ದರೂ ಅದು ಬೇಕು. ಹಿಂದೆ ಹುಣ್ಣಿನಿಂದ ರಕ್ತಸ್ರಾವವಾದವರು, ಅನ್ನನಾಳದಲ್ಲಿ ತೀವ್ರವಾದ ಹುಣ್ಣು ಅಥವಾ ಬ್ಯಾರೆಟ್ಸ್ ಎಂದು ಕರೆಯುವ ಒಳಪದರದ ಬದಲಾವಣೆ ಇರುವವರು ಕೂಡ ತಾವಾಗಿಯೇ ನಿಲ್ಲಿಸಬಾರದು.

ಕಿಡ್ನಿಯ ಭಯದ ಬಗ್ಗೆ ಅವರಿಗೆ ಹೀಗೆ ಹೇಳಿ. ಈ ಮಾತ್ರೆ ತೆಗೆದುಕೊಳ್ಳುವವರಲ್ಲಿ ಕಿಡ್ನಿ ತೊಂದರೆ ಹೆಚ್ಚೆಂದು ಕೆಲವು ಸಮೀಕ್ಷೆಗಳಲ್ಲಿ ಕಂಡುಬಂದದ್ದು ನಿಜ, ಆದರೆ ಇಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಬೇರೆ ಕಾಯಿಲೆಗಳೂ ಹೆಚ್ಚಾಗಿರುತ್ತವೆ. ಹೃದಯ ಮತ್ತು ರಕ್ತನಾಳದ ಕಾಯಿಲೆಯಿದ್ದ 17,598 ಮಂದಿಯಲ್ಲಿ ಕೆಲವರಿಗೆ ಪ್ಯಾಂಟಾಪ್ರಜೋಲನ್ನೂ ಕೆಲವರಿಗೆ ಹುಸಿ ಮಾತ್ರೆಯನ್ನೂ ಕೊಟ್ಟು ಸುಮಾರು ಮೂರು ವರ್ಷ ಗಮನಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಗಿದೆ. ಕರುಳಿನ ಸೋಂಕು ತುಸು ಹೆಚ್ಚಾದದ್ದನ್ನು ಬಿಟ್ಟರೆ ಬೇರೆ ಹಾನಿ ಅದರಲ್ಲಿ ಕಾಣಲಿಲ್ಲ. ನೀರನ್ನು ಕುದಿಸಿ ಕುಡಿಯಲಿ. ಬಿ12 ಮತ್ತು ಮೆಗ್ನೀಸಿಯಂ ಪ್ರಮಾಣವನ್ನು ವರ್ಷಕ್ಕೊಮ್ಮೆ ನೋಡಿಸಿದರೆ ಒಳ್ಳೆಯದು. ಅಂಗಡಿಯಲ್ಲಿ ಪ್ಯಾಂಟಾಪ್ರಜೋಲ್ ಇಲ್ಲವೆಂದು ಒಮೆಪ್ರಜೋಲ್ ಅಥವಾ ಇಸೋಮೆಪ್ರಜೋಲ್ ಕೊಟ್ಟರೆ ತರಬೇಡಿ, ಅವೆರಡೂ ಕ್ಲೋಪಿಡೋಗ್ರೆಲ್ ಕೆಲಸವನ್ನು ತಗ್ಗಿಸುತ್ತವೆ.

ಎರಡು ಹೃದಯದ ಮಾತ್ರೆಗಳಲ್ಲಿ ಒಂದನ್ನು ಯಾವಾಗ ನಿಲ್ಲಿಸಬೇಕೆಂಬುದನ್ನು ಹೃದಯ ತಜ್ಞರು ನಿರ್ಧರಿಸುತ್ತಾರೆ. ಪ್ಯಾಂಟಾಪ್ರಜೋಲ್ ಇನ್ನೂ ಬೇಕೆ ಎಂಬುದನ್ನು ಅದೇ ದಿನ ಕೇಳಿ. ಅಲ್ಲಿಯವರೆಗೆ ಅವರ ಮಲ ಕಪ್ಪಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಕಬ್ಬಿಣಾಂಶದ ಮಾತ್ರೆ ನುಂಗುವವರ ಮಲವೂ ಕಪ್ಪಾಗುತ್ತದೆ; ಅವರಿಗೆ ಆ ಮಾತ್ರೆ ಇದ್ದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಿ.