ಮರಗಳಲ್ಲಿ ಹೂವು ಗಂಡೋ ಹೆಣ್ಣೋ ಎಂಬುದನ್ನು ವಂಶವಾಹಿಗಳು ಹೇಗೆ ನಿರ್ಧರಿಸುತ್ತವೆ?

ಎಲ್ಲ ಮರಗಳಿಗೂ ಅನ್ವಯಿಸುವ ಒಂದೇ ಲಿಂಗನಿರ್ಣಾಯಕ ವಂಶವಾಹಿ ಇಲ್ಲ. ಗಂಡುಹೂ, ಹೆಣ್ಣುಹೂಗಳು ಬೇರೆಬೇರೆಯಾಗುವ ಗುಣ ಸಸ್ಯಗಳಲ್ಲಿ ಹಲವು ಬಾರಿ ಸ್ವತಂತ್ರವಾಗಿ ವಿಕಾಸಗೊಂಡಿದೆ. ಕೇಸರ ಮತ್ತು ಅಂಡಾಶಯಗಳನ್ನು ರೂಪಿಸುವ ಮೂಲ ವಂಶವಾಹಿಗಳು ಗಂಡು, ಹೆಣ್ಣು ಎರಡೂ ಬಗೆಯ ಮರಗಳಲ್ಲಿ ಇರುತ್ತವೆ. ಅವುಗಳಲ್ಲಿ ಯಾವುದು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದೇ ಇಲ್ಲಿನ ಮುಖ್ಯ ವಿಷಯ.

ಈ ಬಗ್ಗೆ ಅತ್ಯಂತ ಸ್ಪಷ್ಟವಾದ ಚಿತ್ರ ಸಿಕ್ಕಿದ್ದು 2014ರಲ್ಲಿ, ಕಾಡು ಜಾತಿಯ ಪರ್ಸಿಮನ್ ಎಂಬ ಹಣ್ಣಿನ ಮರದಿಂದ. ಅದರ ಹೆಣ್ಣುಹೂವನ್ನು ಬಿಡಿಸಿ ನೋಡಿದರೆ ಪರಾಗವಿಲ್ಲದ, ಮುರುಟಿದ ಕೇಸರಗಳು ಕಾಣುತ್ತವೆ. ಅವುಗಳ ಬೆಳವಣಿಗೆಯನ್ನು ತಡೆಯುವುದು 'ಮೆಗಿ' ಎಂಬ ವಂಶವಾಹಿ. ಗಂಡು ಮರದ ವೈ ವರ್ಣತಂತುವಿನಲ್ಲಿರುವ 'ಓಗಿ' ಎಂಬ ವಂಶವಾಹಿ ಯಾವ ಪ್ರೋಟೀನನ್ನೂ ತಯಾರಿಸದೆ, ಪುಟ್ಟ ಆರ್‌ಎನ್‌ಎ ತುಣುಕುಗಳನ್ನಷ್ಟೇ ಹುಟ್ಟಿಸಿ ಮೆಗಿಯ ಬಾಯಿ ಕಟ್ಟುವುದರಿಂದ ಅಲ್ಲಿ ಕೇಸರಗಳು ಪೂರ್ಣವಾಗಿ ಬೆಳೆಯುತ್ತವೆ. (ಜಪಾನಿ ಭಾಷೆಯಲ್ಲಿ ಈ ಹೆಸರುಗಳಿಗೆ ಹೆಣ್ಣು ಮರ, ಗಂಡು ಮರ ಎಂದೇ ಅರ್ಥ.)

ಪಾಪ್ಲರ್ ಮರಗಳಲ್ಲಿ ಪಾತ್ರಧಾರಿಗಳು ಬೇರೆ, ಉಪಾಯ ಮಾತ್ರ ಹೆಚ್ಚುಕಡಿಮೆ ಅದೇ. ಸೈಟೋಕೈನಿನ್ ಎಂಬ ಸಸ್ಯ ಹಾರ್ಮೋನಿಗೆ ಸ್ಪಂದಿಸುವ ಎಆರ್‌ಆರ್17 ವಂಶವಾಹಿ ಸಕ್ರಿಯವಾಗಿದ್ದರೆ ಹೂವು ಹೆಣ್ಣಾಗುತ್ತದೆ, ಅಡಗಿದರೆ ಗಂಡಾಗುತ್ತದೆ. 2020ರಲ್ಲಿ ವರದಿಯಾದ ಪ್ರಯೋಗದಲ್ಲಿ, ವಂಶವಾಹಿಗಳನ್ನು ತಿದ್ದುವ ಕ್ರಿಸ್ಪರ್ ತಂತ್ರದಿಂದ ಈ ಒಂದೇ ವಂಶವಾಹಿಯನ್ನು ಕೆಡಿಸಿದಾಗ ಪಾಪ್ಲರ್‌ನ ಒಂದು ಬಗೆಯಾದ ಆಸ್ಪೆನ್‌ನ ಹೆಣ್ಣು ಗಿಡಗಳು ಗಂಡುಹೂ ಬಿಟ್ಟವು. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ.

ಬೇಸಾಯದ ಪರ್ಸಿಮನ್‌ನಲ್ಲಂತೂ ಒಂದೇ ಮರ ಎರಡೂ ಬಗೆಯ ಹೂ ಬಿಡಬಲ್ಲದು. ಅಲ್ಲಿ ಡಿಎನ್‌ಎ ಅಕ್ಷರಗಳು ಬದಲಾಗುವುದಿಲ್ಲ, ಮೆಗಿಯ ಮೇಲೆ ಕೂತು ಅದನ್ನು ಸುಮ್ಮನಾಗಿಸುವ ಮಿಥೈಲ್ ಎಂಬ ರಾಸಾಯನಿಕ ಗುರುತುಗಳು ಕೊಂಬೆಯಿಂದ ಕೊಂಬೆಗೆ ಬದಲಾಗುತ್ತವೆ.