ಹಗ್ಗ ಎಳೆದಷ್ಟೂ ಪೆಟ್ರೋಲ್ ಸೋರುವ ಚೈನ್‌ಸಾ

ಪ್ರಶ್ನೆ: ಪುತ್ತೂರಿನಲ್ಲಿ ಮಾವನವರ ಅಡಿಕೆ ತೋಟದಲ್ಲಿ ವರ್ಷಗಟ್ಟಲೆ ದುಡಿದ ಚೈನ್‌ಸಾ ಈಗ ಕೆಂಗೇರಿಯ ನಮ್ಮ ಮನೆಗೆ ಬಂದಿದೆ. ನಾಲ್ಕು ಸಲ ಹಗ್ಗ ಎಳೆದರೆ ಪ್ಲಗ್ ಒದ್ದೆ. ರಾತ್ರಿ ಇಟ್ಟು ಬೆಳಿಗ್ಗೆ ನೋಡಿದರೆ ಏರ್ ಫಿಲ್ಟರ್ ಅಡಿಯಲ್ಲಿ ಪೆಟ್ರೋಲ್ ನಿಂತಿರುತ್ತದೆ. ಸ್ಕೂಟರ್ ಮೆಕ್ಯಾನಿಕ್ ‘ಫ್ಲೋಟ್ ಹೋಗಿದೆ’ ಎಂದು, ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬೊರೇಟರ್ ಬಿಚ್ಚಿದರು, ಒಳಗೆ ಫ್ಲೋಟೇ ಕಾಣದೆ ಮುಚ್ಚಿ ಕೊಟ್ಟರು. ನಾನೇ ರಿಪೇರಿ ಕಿಟ್ ತಂದು ಅದರೊಳಗಿನ ಎರಡೂ ಡಯಾಫ್ರಮ್ (ರಬ್ಬರ್ ಪೊರೆ) ಬದಲಿಸಿದೆ. ಸೋರುವುದು ನಿಂತಿಲ್ಲ. ಹೊಸ ಕಾರ್ಬೊರೇಟರ್ ಹಾಕಿಬಿಡಲೇ?
– ಓದುಗರು, ಕೆಂಗೇರಿ

ಉತ್ತರ: ಈಗಲೇ ಬೇಡ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ: ಎಂಜಿನ್ ನಿಂತಿದ್ದಾಗಲೂ ಪೆಟ್ರೋಲ್ ಸೋರುತ್ತಿದೆ. ಹಗ್ಗ ಎಳೆದಾಗ ಮಾತ್ರ ಪ್ಲಗ್ ಒದ್ದೆಯಾಗುತ್ತಿದ್ದರೆ ಸಿಕ್ಕಿಕೊಂಡ ಚೋಕ್, ಕಟ್ಟಿಕೊಂಡ ಫಿಲ್ಟರ್, ದುರ್ಬಲ ಕಿಡಿ, ತೂತು ಬಿದ್ದ ಪಂಪ್ ಡಯಾಫ್ರಮ್ ಎಂದು ನಾಲ್ಕು ಕಡೆ ಹುಡುಕಬೇಕಿತ್ತು. ನಿಂತಲ್ಲೇ ಸೋರಿದರೆ ಮೊದಲ ಅನುಮಾನ ಒಂದೇ ವಸ್ತುವಿನ ಮೇಲೆ, ಪೆಟ್ರೋಲ್ ಒಳಬರುವ ಬಾಯಿಗೆ ಬಿರಡೆಯಂತೆ ಕೂರುವ ನೀಡಲ್. ಅದನ್ನು ನೀವು ಬದಲಿಸಿದಂತಿಲ್ಲ.

ಚೈನ್‌ಸಾವನ್ನು ಅಡ್ಡ, ಉದ್ದ, ತಲೆಕೆಳಗೆ ಹೇಗೆ ಬೇಕಾದರೂ ಹಿಡಿದು ಕುಯ್ಯಬೇಕು. ಸ್ಕೂಟರಿನಂತೆ ತೇಲುತ್ತಾ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಇಟ್ಟರೆ ಅದು ಸಾಧ್ಯವಿಲ್ಲ. ಆ ಕೆಲಸವನ್ನು ಇಲ್ಲಿ ನಾಣ್ಯದಷ್ಟಗಲದ ರಬ್ಬರ್ ಪೊರೆ, ಅಂದರೆ ಮೀಟರಿಂಗ್ ಡಯಾಫ್ರಮ್, ಮಾಡುತ್ತದೆ. ಎಂಜಿನ್ ಗಾಳಿ ಎಳೆದಾಗ ಪೊರೆ ಒಳಕ್ಕೆ ಬಾಗಿ ಸಣ್ಣ ಲಿವರನ್ನು ಒತ್ತುತ್ತದೆ, ಲಿವರ್ ನೀಡಲನ್ನು ಎತ್ತುತ್ತದೆ, ಪೆಟ್ರೋಲ್ ಬರುತ್ತದೆ. ಎಳೆತ ನಿಂತರೆ ಲಿವರ್ ಕೆಳಗಿನ ಸ್ಪ್ರಿಂಗ್ ನೀಡಲನ್ನು ಮತ್ತೆ ಕೂರಿಸುತ್ತದೆ. ಕಾರ್ಬೊರೇಟರ್ ವಾಲ್‌ಬ್ರೋ, ಜಾಮಾ, ಟಿಲ್ಲಟ್‌ಸನ್ ಯಾವುದೇ ಕಂಪನಿಯದ್ದಿರಲಿ, ತತ್ವ ಇದೇ.

ಮತ್ತೆ ಬಿಚ್ಚುವ ಮುನ್ನ ಒಂದು ಪರೀಕ್ಷೆ ಮಾಡಿ. ಮನೆಯಲ್ಲಿ ಮೂಲೆ ಸೇರಿದ ಡಯಲ್ ಇರುವ ಹಳೆಯ ಬಿ.ಪಿ. ಯಂತ್ರ ಇದ್ದರೆ ಸಾಕು. ಅದರ ಬಲ್ಬ್ ಮತ್ತು ಡಯಲನ್ನು ಕಾರ್ಬೊರೇಟರಿನ ಪೆಟ್ರೋಲ್ ನಳಿಕೆಗೆ ಸಣ್ಣ ಟ್ಯೂಬಿನಿಂದ ಜೋಡಿಸಿ. ಒಳಗೆ ಒಂದೆರಡು ಹನಿ ಪೆಟ್ರೋಲ್ ಬಿಟ್ಟು ನೀಡಲ್ ಒದ್ದೆ ಮಾಡಿಕೊಂಡು, ಮುಳ್ಳು 300ಕ್ಕೆ ಬರುವವರೆಗೆ ಒತ್ತಿ. 300 ಮಿ.ಮೀ. ಪಾದರಸ ಎಂದರೆ ಸುಮಾರು 0.4 ಬಾರ್. ನೆಟ್ಟಗಿರುವ ನೀಡಲ್ ಇಷ್ಟು ಒತ್ತಡವನ್ನು ಅಲುಗದೆ ಹಿಡಿಯಬೇಕು. ಮುಳ್ಳು ಇಳಿಯತೊಡಗಿದರೆ ಕಾರ್ಬೊರೇಟರನ್ನು ಸೀಮೆಎಣ್ಣೆಯಲ್ಲೋ ಸೋಪಿನ ನೀರಲ್ಲೋ ಮುಳುಗಿಸಿ ಗುಳ್ಳೆ ಎಲ್ಲಿಂದ ಬರುತ್ತದೆ ನೋಡಿ. ಗಾಳಿ ಹೋಗುವ ದೊಡ್ಡ ತೂತಿನೊಳಗಿಂದ ಬಂದರೆ ನೀಡಲ್, ಮುಚ್ಚಳದ ಅಂಚಿನಿಂದ ಬಂದರೆ ಅಲ್ಲಿ ಸಂದಿ ಮುಚ್ಚುವ ತೆಳು ಪದರ, ಅಂದರೆ ಗ್ಯಾಸ್ಕೆಟ್. (ಆಮೇಲೆ ಆ ಯಂತ್ರವನ್ನು ಅಜ್ಜಿಯ ಬಿ.ಪಿ. ನೋಡಲು ಬಳಸಬೇಡಿ. ಪೆಟ್ರೋಲ್ ಆವಿ ಅದರ ರಬ್ಬರನ್ನು ಹಾಳು ಮಾಡಿರುತ್ತದೆ.)

ನೀಡಲ್ ಎಂದು ಖಚಿತವಾದರೆ ಕೆಲಸ ಶುರು. ಡಯಾಫ್ರಮ್ ಎತ್ತಿದ ಮೇಲೆ ಲಿವರಿನ ಪಿನ್ನನ್ನು ಹಿಡಿದಿರುವ ಒಂದೇ ಒಂದು ಸ್ಕ್ರೂ ಕಾಣುತ್ತದೆ. ಅದನ್ನು ಬಿಚ್ಚುವಾಗ ಹೆಬ್ಬೆರಳಿನಿಂದ ಲಿವರ್ ಅದುಮಿರಲಿ, ಇಲ್ಲದಿದ್ದರೆ ಅಕ್ಕಿಕಾಳಿನಷ್ಟು ಸ್ಪ್ರಿಂಗ್ ಹಾರಿ ಎಲ್ಲಿಗೋ ಹೋಗುತ್ತದೆ. ಅಂಚಿರುವ ಸ್ಟೀಲ್ ತಟ್ಟೆಯೊಳಗೆ ಕೆಲಸ ಮಾಡುವುದು ಕ್ಷೇಮ. ನೀಡಲಿನ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಸುತ್ತ ಉಂಗುರದಂಥ ಗೆರೆ ಬಿದ್ದಿದ್ದರೆ ಅದರ ಆಯುಸ್ಸು ಮುಗಿದಿದೆ, ಎಷ್ಟು ತೊಳೆದರೂ ಉಪಯೋಗವಿಲ್ಲ. ನೀಡಲ್ ಕೂರುವ ಸೀಟನ್ನು ಕಾರ್ಬೊರೇಟರ್ ಕ್ಲೀನರಿನಲ್ಲಿ ನೆನೆಸಿದ ಇಯರ್‌ಬಡ್‌ನಿಂದ ಮೆಲ್ಲಗೆ ತಿರುಗಿಸಿ ಒರೆಸಿ. ಗುಂಡುಸೂಜಿ, ಮರಳು ಕಾಗದ ಹತ್ತಿರಕ್ಕೂ ತರಬೇಡಿ. ಈ ಸಣ್ಣ ಕಾರ್ಬೊರೇಟರುಗಳಲ್ಲಿ ಸೀಟ್ ಸಾಮಾನ್ಯವಾಗಿ ಬಾಡಿಯದ್ದೇ ಭಾಗ, ಬೇರೆ ಸಿಗುವುದಿಲ್ಲ. ಅದಕ್ಕೆ ಗೀರು ಬಿದ್ದಿದ್ದರೆ ಆಗ ಮಾತ್ರ ಹೊಸ ಕಾರ್ಬೊರೇಟರಿನ ಮಾತು.

ಮುಂದಿನದ್ದು ಲಿವರಿನ ಎತ್ತರ. ಹೊಸ ಕಿಟ್ ಹಾಕಿದವರು ಹೆಚ್ಚಾಗಿ ಎಡವುವುದು ಇಲ್ಲೇ. ಲಿವರ್ ಕೂದಲೆಳೆಯಷ್ಟು ಮೇಲಿದ್ದರೂ ಡಯಾಫ್ರಮ್ ಅದನ್ನು ಸದಾ ಒತ್ತಿರುತ್ತದೆ, ನೀಡಲ್ ಪೂರ್ತಿ ಕೂರುವುದಿಲ್ಲ. ತೀರಾ ಕೆಳಗಿದ್ದರೆ ಪೆಟ್ರೋಲ್ ಸಾಲದು. ಹಲವು ಮಾದರಿಗಳಲ್ಲಿ ಲಿವರ್ ತಾನು ಕೂತಿರುವ ಕುಳಿಯ ತಳಕ್ಕೆ ಸಮವಾಗಿರಬೇಕು, ಇನ್ನು ಕೆಲವಕ್ಕೆ ಗ್ಯಾಸ್ಕೆಟ್ ಕೂರುವ ಅಂಚಿನಿಂದ ಇಂತಿಷ್ಟು ಕೆಳಗೆ ಎಂಬ ಅಳತೆ ಇದೆ. ಆದ್ದರಿಂದ ಬಾಡಿಯ ಮೇಲೆ ಕೆತ್ತಿರುವ ಮಾದರಿ ಸಂಖ್ಯೆ ಬರೆದುಕೊಂಡು ಅದಕ್ಕೆ ಸೇರಿದ ಅಳತೆಯನ್ನೇ ಹಿಡಿಯಿರಿ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹೋದರೂ ಆ ಸಂಖ್ಯೆ ತೋರಿಸಿಯೇ ಕಿಟ್ ಕೇಳಿ. ‘ಎಲ್ಲಕ್ಕೂ ಆಗುತ್ತೆ ಸಾರ್’ ಎಂದು ಕೊಟ್ಟ ಕಿಟ್ ಎಲ್ಲಕ್ಕೂ ಆಗುವುದಿಲ್ಲ. ಬಗ್ಗಿಸಬೇಕಾದರೆ ಲಿವರನ್ನು ಬಿಚ್ಚಿ ಬಗ್ಗಿಸಿ. ಕೂರಿಸಿದಲ್ಲೇ ಅದುಮಿದರೆ ಹೊಸ ನೀಡಲಿನ ತುದಿ ಜಜ್ಜಿಹೋಗುತ್ತದೆ.

ಜೋಡಿಸುವಾಗ ಲಿವರ್ ಇರುವ ಮೀಟರಿಂಗ್ ಬದಿಯಲ್ಲಿ ಬಹುತೇಕ ಮಾದರಿಗಳಿಗೆ ಮೊದಲು ಗ್ಯಾಸ್ಕೆಟ್, ಆಮೇಲೆ ಡಯಾಫ್ರಮ್, ಮೇಲೆ ಮುಚ್ಚಳ. ನೀವು ಬಿಚ್ಚಿದಾಗ ಇದು ಹಿಂದುಮುಂದಾಗಿದ್ದರೂ ಸೋರುತ್ತದೆ, ನೋಡಿಕೊಳ್ಳಿ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪ್ ಬದಿಯಲ್ಲಿರುವ ಕಣ್ಣಿಗೆ ಕಾಣದಷ್ಟು ನವಿರಾದ ಜಾಲರಿಯನ್ನೂ ಬದಲಿಸಿ. ಮುಚ್ಚುವ ಮೊದಲು ಬಿ.ಪಿ. ಪರೀಕ್ಷೆ ಇನ್ನೊಮ್ಮೆ ಆಗಲಿ.

ಇನ್ನೆರಡು ವಿಷಯ. ಅನೇಕ ಗರಗಸಗಳ ಟ್ಯಾಂಕಿನ ವೆಂಟ್ (ಗಾಳಿಕಿಂಡಿ) ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಸುಲಭವಾಗಿ ಬಿಡುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ತಾರಸಿಯ ಮೇಲೋ ಕಾರಿನ ಡಿಕ್ಕಿಯಲ್ಲೋ ಇಟ್ಟರೆ ಟ್ಯಾಂಕಿನೊಳಗೆ ಒತ್ತಡ ಏರಿ, ಸವೆದ ನೀಡಲಿನ ಸಂದಿಯಿಂದ ಪೆಟ್ರೋಲನ್ನು ತಳ್ಳುತ್ತದೆ. ಟ್ಯಾಂಕಿನ ಮುಚ್ಚಳವನ್ನು ಒಮ್ಮೆ ಸಡಿಲಿಸಿ ಬಿಗಿ ಮಾಡುವ ಅಭ್ಯಾಸ ಒಳ್ಳೆಯದು. ಎರಡನೆಯದು, ಪುತ್ತೂರಿಗೆ ಹೋಲಿಸಿದರೆ ಬೆಂಗಳೂರು ಎತ್ತರದಲ್ಲಿದೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್. ಇಲ್ಲಿ ಗಾಳಿ ತೆಳು. ಅಲ್ಲಿ ಸರಿಯಾಗಿ ಟ್ಯೂನ್ ಆಗಿದ್ದ ಗರಗಸ ಇಲ್ಲಿ ಸ್ವಲ್ಪ ಹೆಚ್ಚು ಪೆಟ್ರೋಲ್ ಕುಡಿದು ಹೊಗೆ ಕಕ್ಕುತ್ತದೆ. ಅದು ಸೋರಿಕೆಯಲ್ಲ. ಸೋರಿಕೆ ನಿಂತ ಮೇಲಷ್ಟೇ, ಕಡಿಮೆ ಮತ್ತು ಹೆಚ್ಚು ವೇಗದಲ್ಲಿ ಎಷ್ಟು ಪೆಟ್ರೋಲ್ ಹೋಗಬೇಕೆಂದು ಹೊಂದಿಸುವ ‘ಎಲ್’, ‘ಎಚ್’ ಸ್ಕ್ರೂಗಳಿಗೆ ಕೈ ಹಾಕಿ, ಅದೂ ಎಂಟನೇ ಒಂದು ಸುತ್ತಿನಷ್ಟು. ಸೋರುವ ನೀಡಲನ್ನು ‘ಎಚ್’ ಬಿಗಿ ಮಾಡಿ ಸರಿಪಡಿಸಲು ಹೊರಟವರ ಗರಗಸ ಕೊನೆಗೆ ಪಿಸ್ಟನ್ ಸುಟ್ಟುಕೊಂಡು ಬರುತ್ತದೆ.

ಈಗ ಎಂಜಿನಿನೊಳಗೆ ತುಂಬಿರುವ ಪೆಟ್ರೋಲ್ ತೆಗೆಯಲು: ಸ್ವಿಚ್ ಆಫ್, ಚೋಕ್ ತೆರೆದು, ಆ್ಯಕ್ಸಿಲರೇಟರ್ ಪೂರ್ತಿ ಒತ್ತಿ, ಪ್ಲಗ್ ಬಿಚ್ಚಿ, ಪ್ಲಗ್ ತೂತು ಕೆಳಮುಖವಾಗಿ ಹಿಡಿದು ಹಗ್ಗ ಎಳೆಯಿರಿ. ಬಯಲಲ್ಲಿ ಮಾಡಿ, ಅಡುಗೆಮನೆ ಪಕ್ಕದ ಯುಟಿಲಿಟಿಯಲ್ಲಿ ಬೇಡ.

ಪ್ರಶ್ನೆ: ಮಳೆಗಾಲಕ್ಕೆ ಮುಂಚೆ ಆಯಿಲ್ ಬೆರೆಸಿದ ಪೆಟ್ರೋಲ್ ಚೈನ್‌ಸಾ ಟ್ಯಾಂಕಿನಲ್ಲೇ ಉಳಿದಿದೆ. ದಸರೆ ಆದಮೇಲೆ ಅದನ್ನೇ ಬಳಸಬಹುದೇ?
– ಓದುಗರು, ಯಲಹಂಕ

ಉತ್ತರ: ಬೇಡ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇ 20 ಎಥನಾಲ್ ಬೆರೆತ ಪೆಟ್ರೋಲ್. (2023ರ ಫೆಬ್ರುವರಿಯಲ್ಲಿ ಅದು ಬಿಡುಗಡೆಯಾದದ್ದೂ ನಮ್ಮ ಬೆಂಗಳೂರಿನಲ್ಲೇ.) ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ಡಯಾಫ್ರಮ್ಮನ್ನು ಕಾಲಕ್ರಮದಲ್ಲಿ ಬಿರುಸಾಗಿಸುತ್ತದೆ. ತಿಂಗಳಿಗಿಂತ ಹೆಚ್ಚು ಗರಗಸ ಮುಟ್ಟುವುದಿಲ್ಲ ಎಂದಾದರೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ. ಈಗ ಟ್ಯಾಂಕಿನಲ್ಲಿರುವುದನ್ನು ಚರಂಡಿಗೆ ಸುರಿಯದೆ, ತಗಡಿನ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ. ತುಕ್ಕು ಹಿಡಿದ ನಟ್ಟು ತೊಳೆಯಲು ಅವರಿಗೆ ಬೇಕಾಗುತ್ತದೆ.